ಡ್ರೈವರ್ ಮಾವ ಸ್ವರ ಓದಿದ್ದು

ಬೀದಿಯವರೆಲ್ಲ ಅವರನ್ನು ಡ್ರೈವರ್ ಮಾವ ಎಂದೇ ಕರೆಯುವುದು. ಬಸ್ಸು ಬಿಟ್ಟು ಮನೆ ಸೇರಿದರೂ ಆ ಹೆಸರು ಅವರನ್ನು ಬಿಡಲಿಲ್ಲ. ಅವರ ಬಸ್ಸಿನ ಕೊನೆಯ ನಿಲ್ದಾಣ ಸಂಗೀತ ಸಭಾಂಗಣದ ಎದುರಿಗಿತ್ತು. ಟ್ರಿಪ್ಪು ಮುಗಿಸಿ, ಎಂಜಿನ್ ಆರಿಸಿ, ಕಿಟಕಿಗೆ ಮೊಣಕೈ ಊರಿಕೊಂಡು ಒಳಗಿನ ಪಿಟೀಲುಗಳನ್ನು ಎಷ್ಟು ವರ್ಷ ಕೇಳಿದ್ದರೋ! ನಿವೃತ್ತಿಯಾದ ವಾರವೇ ಒಂದು ಪಿಟೀಲು ಹಿಡಿದುಕೊಂಡು ಮನೆಗೆ ಬಂದರು. ಹೆಂಡತಿ ಹಣೆ ಚಚ್ಚಿಕೊಂಡರು.

"ಹಾರ್ನ್ ಹೊಡೆದ ಕೈಗೆ ಇದೊಂದು ಬಾಕಿ ಇತ್ತು ನೋಡಿ!"

ಸಭಾಂಗಣದ ಪಿಟೀಲು ತಂಡ ನಡೆಸುತ್ತಾ ಪಾಠವನ್ನೂ ಹೇಳುವ ಟೀಚರಮ್ಮ ಮಾವನ ಮಗಳಿಗಿಂತ ಚಿಕ್ಕವಳು, ಆದರೆ ಬಲು ಬಿಗಿ. ಮಾವನ ಕಿವಿಯೋ, ಭಾರಿ ಚುರುಕು. ಅವಳು ಒಮ್ಮೆ ನುಡಿಸಿದರೆ ಸಾಕು, ಹಾಗೇ ಎತ್ತಿಕೊಂಡುಬಿಡುತ್ತಿದ್ದರು. ಕಣ್ಣು ಪಾಶ್ಚಾತ್ಯ ಸಂಗೀತದ ಸ್ವರ ಬರೆದ ಹಾಳೆಯ ಮೇಲಿರುತ್ತಿತ್ತು, ಅಷ್ಟೆ. ಐದು ಗೆರೆಗಳ ಮೇಲೆ ಹತ್ತಿ ಇಳಿಯುವ ಕರಿ ಚುಕ್ಕೆಗಳು ಅವರ ಪಾಲಿಗೆ ಇರುವೆ ಸಾಲು. ಒಂದು ದಿನ ಫ್ಯಾನಿನ ಗಾಳಿಗೆ ಹಾಳೆ ಮಗುಚಿ ಬೇರೆಯದೇ ಪಾಠ ಎದುರಿಗೆ ಬಂತು. ಮಾವ ಅದನ್ನು ಗಂಭೀರವಾಗಿ ನೋಡುತ್ತಾ ಹಳೆಯದನ್ನೇ ನುಡಿಸಿಕೊಂಡು ಹೋದರು. ಕಳ್ಳತನ ಬಯಲಾಯಿತು.

"ಮಾವ, ನೀವು ಓದ್ತಾನೇ ಇಲ್ಲ," ಎಂದಳು ಟೀಚರಮ್ಮ. "ಸಭಾಂಗಣದಲ್ಲಿ ನುಡಿಸೋ ತಂಡಕ್ಕೆ ಸೇರ್ಬೇಕು ಅಂತೀರಲ್ಲ, ಅಲ್ಲಿ ಯಾರೂ ಮೊದಲು ನುಡಿಸಿ ತೋರಿಸಲ್ಲ. ತಿಂಗಳ ಕೊನೆಗೆ ನೀವು ಕೇಳೇ ಇರದ ಹಾಳೆ ಕೊಡ್ತೀನಿ. ಓದಿ ನುಡಿಸಿದ್ರೆ ತಂಡದಲ್ಲಿ ಕುರ್ಚಿ. ಇಲ್ಲಾಂದ್ರೆ ಇಲ್ಲ."

ಮಾವನ ಮುಖ ಸಪ್ಪಗಾಯಿತು. ಆ ಕುರ್ಚಿ ಅವರಿಗೆ ಬೇಕೇ ಬೇಕಿತ್ತು. ಅಂದಿನಿಂದ ಅಡುಗೆಮನೆಯ ಮೇಜಿನ ತುಂಬ ಹಾಳೆಗಳು. ಗೆರೆಯ ಮೇಲೆ ಕೂತ ಚುಕ್ಕೆ ಯಾವ ತಂತಿಯದು, ಗೆರೆಗಳ ನಡುವೆ ಕೂತದ್ದಕ್ಕೆ ಯಾವ ಬೆರಳು? ತರಕಾರಿ ಹೆಚ್ಚಲು ಜಾಗವಿಲ್ಲವೆಂದು ಗೊಣಗಿದ ಹೆಂಡತಿಯೇ ಸೌಟಿನ ಹಿಡಿಯಿಂದ ಚುಕ್ಕೆ ತೋರಿಸಿ, "ಇದು? ಹಾಗಾದ್ರೆ ಇದು?" ಎಂದು ಪರೀಕ್ಷೆ ಮಾಡಿದರು.

ಚುಕ್ಕೆಗಳ ಗುರುತು ಹತ್ತಿತು, ಹೊಸ ತೊಂದರೆ ಶುರುವಾಯಿತು. ತಾಳದ ಎಣಿಕೆ ತಿಳಿಯಲೆಂದು ಸಾಲಿನ ನಡುನಡುವೆ ಒಂದೊಂದು ಅಡ್ಡಗೆರೆ ಹಾಕಿರುತ್ತಾರೆ. ಅದು ಬಂತೆಂದರೆ ಮಾವನ ಬಲಗಾಲು ನೆಲ ಒತ್ತುತ್ತಿತ್ತು, ಕಮಾನು ಗಕ್ಕನೆ ನಿಲ್ಲುತ್ತಿತ್ತು.

"ಯಾಕೆ ಮಾವ ನಿಲ್ಲಿಸ್ತೀರಾ?"

"ಗೆರೆ ಹಾಕಿದಾರಲ್ಲಮ್ಮ! ಸರ್ವಿಸಲ್ಲಿ ಒಂದು ಸಲಾನೂ ಸಿಗ್ನಲ್ ಗೆರೆ ದಾಟಿಲ್ಲ ನಾನು."

ಟೀಚರಮ್ಮನ ಬಿಗಿಯೆಲ್ಲ ಸಡಿಲಾಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬಸ್ ಓಡಿಸುವಾಗ ಚಕ್ರದ ಮುಂದೇನೇ ನೋಡ್ತಿದ್ರಾ, ದೂರದ ರಸ್ತೆ ನೋಡ್ತಿದ್ರಾ?"

"ದೂರದ್ದೇ."

"ಮತ್ತೆ? ಗೆರೆಯಾಚೆ ಏನಿದೆ ಅಂತ ನೋಡ್ತಾ ಹೋಗಿ. ಕಾಲು ಸುಮ್ಮನಿರಲಿ."

ಪರೀಕ್ಷೆಯ ದಿನ ಹೆಂಡತಿಯೂ ಸಭಾಂಗಣಕ್ಕೆ ಜೊತೆಗೆ ಬಂದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಟೀಚರಮ್ಮ ಹಾಳೆ ಇಟ್ಟು ಎದುರಿಗೆ ಕೂತಳು. ಮಾವನ ಕಿವಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮೊದಲ ಚುಕ್ಕೆ ಓದಿದರು, ಕಮಾನು ಎಳೆದರು. ಗೆರೆ ಬಂತು, ಬಲಗಾಲು ಮಿಸುಕಿತು, ಆದರೆ ಕಣ್ಣು ಆಗಲೇ ಆಚೆ ಇತ್ತು. ಎರಡನೇ ಸಾಲಿನಲ್ಲಿ ಒಂದು ಸ್ವರ ಕೀರಲಾಯಿತು. ಹಿಂದಿರುಗಿ ನೋಡದೆ ಮುಂದೆ ಹೋದರು. ತುಂಡು ತುಂಡಾಗಿದ್ದ ಸ್ವರಗಳು ಕೂಡಿಕೊಂಡು ಒಂದು ಹಾಡಾಗುತ್ತಿದ್ದದ್ದು ಗೊತ್ತಾಗಿ ಮೈ ಜುಮ್ಮೆಂದಿತು. ಕೊನೆಯ ಸ್ವರವನ್ನು ಬೇಕೆಂದೇ ಸ್ವಲ್ಪ ಹೆಚ್ಚು ಎಳೆದರು.

ಟೀಚರಮ್ಮ ಎದ್ದು ಹೋಗಿ ತಂಡದ ಕುರ್ಚಿಗಳ ಸಾಲಿಗೆ ಇನ್ನೊಂದು ಕುರ್ಚಿ ಎಳೆದು ಹಾಕಿದಳು.

ಮಾವ ಎದೆಯುಬ್ಬಿಸಿಕೊಂಡು ಹೊರಗೆ ಬಂದಾಗ ಹೆಂಡತಿ ಎದ್ದು ನಿಂತಿದ್ದರು.

"ಎಷ್ಟು ಚೆನ್ನಾಗಿತ್ತು ರೀ! ಯಾವಾಗ ಕಲಿತ್ರಿ ಅದನ್ನ? ಮನೇಲಿ ಒಂದಿನಾನೂ ಕೇಳಿಲ್ಲ ನಾನು."

"ನಾನೂ ಕೇಳಿರಲಿಲ್ಲ ಕಣೇ," ಎಂದರು ಮಾವ. "ಓದಿದೆ."