ಮೇಜಿನ ಮೇಲಿನ ಮುದ್ದೆ

ದೊಡ್ಡೇರಿಯ ನಮ್ಮ ಬೀದಿಗೆ ಮೊದಲು ಟೀವಿ ತಂದವನು ಎದುರುಮನೆ ಮೂಡಲಗಿರಿಯಪ್ಪ. ಎಂಬತ್ತಾರನೇ ಇಸವಿ ಇರಬೇಕು. ಅದರಲ್ಲಿ ಬರುತ್ತಿದ್ದ ಹಿಂದಿ ಧಾರಾವಾಹಿಯ ಸಂಸಾರದ ಮಾತು ಅವನಿಗೆ ಒಂದೂ ತಿಳಿಯುತ್ತಿರಲಿಲ್ಲ. ಗಂಡ, ಹೆಂಡತಿ, ಮಕ್ಕಳೆಲ್ಲ ಒಂದೇ ಮೇಜಿಗೆ ಕೂತು ನಗುತ್ತಾ ಉಣ್ಣುವುದು ಮಾತ್ರ ಕಾಣುತ್ತಿತ್ತು. ಬಡಗಿಗೆ ಹೇಳಿ ಅಂಥದೇ ಮೇಜು ಮಾಡಿಸಿದ. "ಇನ್ಮೇಲೆ ಎಲ್ಲಾ ಒಟ್ಗೆ ಉಣ್ಣಾನ" ಎಂದ.

ಅವನ ಹೆಂಡತಿ ಕರಿಯಕ್ಕ ಮೂವತ್ತು ವರ್ಷದಿಂದ ಎಲ್ಲರ ಊಟ ಮುಗಿದ ಮೇಲೆ ಒಲೆ ಮುಂದೆ ಕೂತು ಆರಿದ ಮುದ್ದೆ ತಿಂದವಳು. ಬಿಸಿ ಮುದ್ದೆಯ ಆಸೆಗೆ ಸೆರಗು ಸರಿಮಾಡಿಕೊಂಡು ಬಂದು ಮೇಜಿಗೆ ಕೂತಳು. ಅವನು ಟೀವಿಯವನ ಹಾಗೆ ಒಂದು ಸಲ ನಕ್ಕ. ಆಮೇಲೆ, "ಯಾಕ್ ಕುಂತೆ? ಸಾರು ತತ್ತಾ" ಎಂದ. ಸಾರು, ನೀರು, ಈರುಳ್ಳಿ ಎಂದು ಅವಳು ಓಡಾಡುವಷ್ಟರಲ್ಲಿ ಮುದ್ದೆ ಆರಿಹೋಯಿತು. ನಗುವುದನ್ನು ಕಲಿತವನಿಗೆ ಎದ್ದು ಒಂದು ಚೊಂಬು ನೀರು ತಂದುಕೊಳ್ಳುವುದು ಬರಲಿಲ್ಲ.

ಮಾರನೇ ದಿನ ನಮ್ಮ ಜಗಲಿಯಲ್ಲಿ ಬೀದಿಯ ಹೆಂಗಸರೆಲ್ಲ ಕೂತು ಬಿತ್ತನೆ ಕಡ್ಲೇಕಾಯಿ ಸುಲಿಯುವಾಗ ಕರಿಯಕ್ಕ ತಲೆಗೆ ಟವಲ್ ಸುತ್ತಿಕೊಂಡು, ಮೊರವನ್ನೇ ಮೇಜು ಮಾಡಿ, ಅದೇ ನಗು ನಕ್ಕಳು. "ಎಲ್ಲಾ ಒಟ್ಗೆ ಉಣ್ಣಾನ. ಲೇ, ಯಾಕ್ ಕುಂತೆ? ಸಾರು ತತ್ತಾ." ನಾವು ಹೊಟ್ಟೆ ಹಿಡಿದುಕೊಂಡೆವು. ಹಿಂದೆ ಬಂದು ನಿಂತಿದ್ದ ಮೂಡಲಗಿರಿಯಪ್ಪನೂ ನಕ್ಕ. "ಆ ಟೀವಿಯೋನು ಥೇಟ್ ಇಂಗೇ ಕಣಮ್ಮ" ಎಂದು ನನಗೇ ಹೇಳಿದ.

ಕರಿಯಕ್ಕ ಅವನ ಮುಖ ನೋಡಿ, ತಲೆಯ ಟವಲ್ ಬಿಚ್ಚಿಟ್ಟಳು. ಅವತ್ತು ಸಂಜೆ ಮುದ್ದೆ ಕಟ್ಟಿ, ಮೊದಲು ತನ್ನ ತಟ್ಟೆಗೆ ಹಾಕಿಕೊಂಡು, ಮೇಜಿಗೆ ಒಬ್ಬಳೇ ಕೂತು ಬಿಸಿಬಿಸಿಯಾಗಿ ಉಂಡಳು. ಅವನು ಬಂದು ಖಾಲಿ ತಟ್ಟೆ ಮುಂದೆ ಕೂತ.

"ಇಕ್ಕಂಡು ಉಣ್ಣು" ಎಂದಳು.