ಕುಂಕುಮದ ಕೆಳಗಿದ್ದ ಹೆಸರು

ಹಿತ್ತಾಳೆಗೆ ಹುಣಸೆಹಣ್ಣು ಉಜ್ಜುವಾಗ ಏಳುವ ಹುಳಿವಾಸನೆ ಮೂಗಿಗೆ ಬಡಿದರೆ ಸಾಕು, ನಾನು ರಾಣೆಬೆನ್ನೂರಿನ ನಮ್ಮ ಹಳೆಯ ಮನೆಯ ಅಂಗಳದಲ್ಲಿರುತ್ತೇನೆ. ಬಾನೆಟ್ಟಿನ ಒಂದು ರೆಕ್ಕೆ ಎತ್ತಿಕೊಂಡು ನಿಂತ ಕಪ್ಪು ಕಾರು. ಅದರ ಮುಂದೆ ಬಟ್ಟಲು ಹಿಡಿದ ನನ್ನ ಸೋದರತ್ತೆ. ಆ ಮನೆ ಈಗಿಲ್ಲ, ಕಾರೂ ಇಲ್ಲ. ನಿಮ್ಮ ನೆನಪಿನಲ್ಲೂ ಇಂಥದೊಂದು ಅಂಗಳ ಇದ್ದೀತು, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ.

ಅಪ್ಪನದು ಸೈಕಲ್ ಅಂಗಡಿ. ಎಂಬತ್ತರ ದಶಕದ ಕೊನೆಯಲ್ಲಿ ಅವನು ಬ್ಯಾಡಗಿಯ ವ್ಯಾಪಾರಿಯೊಬ್ಬರ ಗೋದಾಮಿನಿಂದ ಆ ಕಾರು ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಗಾಡಿ. ವರ್ಷಗಟ್ಟಲೆ ಮೆಣಸಿನಕಾಯಿ ಚೀಲಗಳ ನಡುವೆ ನಿಂತದ್ದರಿಂದ ಮೂರು ಸಲ ಸೀನದೆ ಅದರಲ್ಲಿ ಕೂತವರಿಲ್ಲ. “ಸೈಕಲ್ ರಿಪೇರಿ ಮಾಡಾವರಿಗೆ ಕಾರ್ ಯಾಕ ಬೇಕಾಗಿತ್ತ್ರಿ?” ಎಂದು ಅವ್ವ ಸೆರಗು ಮೂಗಿಗೆ ಹಿಡಿದೇ ಕೇಳಿದಳು. ಯಾಕೆ ಎಂಬುದು ಅವಳಿಗೂ ಗೊತ್ತಿತ್ತು. ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಊರು ದಾಟಿರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ, ಬಾಡಿಗೆ ಕಾರಿಗೆ ಬಗ್ಗಿ ಹತ್ತಲು ಆಗದು, ಯಾರಾದರೂ ಎತ್ತಿ ಕೂರಿಸುತ್ತೇನೆಂದರೆ ಕೆಂಡಾಮಂಡಲವಾಗುತ್ತಿದ್ದಳು. ಹುಟ್ಟಿದೂರು ಐರಣಿಯ ಹೊಳೆಯನ್ನು ಇನ್ನೊಮ್ಮೆ ನೋಡಬೇಕೆಂಬುದೊಂದೇ ಅವಳ ಆಸೆ. ಈ ಹಳೆಯ ಕಾರಿಗೋ ಬಾಗಿಲ ಕೆಳಗೆ ಅಗಲವಾದ ಪಾವಟಿಗೆ, ಮೇಲೆ ಎತ್ತರದ ಮಾಡು. ತಲೆ ತಗ್ಗಿಸದೆ ಎರಡೇ ಹೆಜ್ಜೆಯಲ್ಲಿ ಒಳಗೆ ಹೋಗಬಹುದಿತ್ತು.

ಆದರೆ ಅದು ಚಾಲೂ ಆಗಬೇಕಲ್ಲ! ಪ್ಲಗ್ಗುಗಳಿಗೆ ಕಿಡಿ ಹಂಚುವ ಕಪ್ಪು ಮುಚ್ಚಳ ಸೀಳಿಹೋಗಿತ್ತು. ಅಪ್ಪ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಯವರೆಗೂ ಅಲೆದ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಯಾವ ಕಂಪನಿ, ಯಾವ ವರ್ಷದ್ದು? ಮುಂದಿದ್ದ ಹೆಸರು ಎಂದೋ ಉದುರಿಹೋಗಿತ್ತು. ಮಾರಿದವರು ಅಮೆರಿಕದ್ದೆಂದರು, ಹಾವೇರಿಯ ಮೇಸ್ತ್ರಿ ಜರ್ಮನಿಯದ್ದೆಂದು ಆಣೆ ಮಾಡಿದ. ಇಬ್ಬರನ್ನೂ ನಂಬಿ ಅಪ್ಪ ತಂದ ಮುಚ್ಚಳಗಳಲ್ಲಿ ಒಂದೂ ಕೂರಲಿಲ್ಲ. ಮಳೆಗಾಲ ಹೀಗೇ ಕಳೆಯಿತು. ಅತ್ತೆ ಹೊಳೆಯ ಮಾತೆತ್ತುವುದನ್ನೇ ಬಿಟ್ಟಳು. ಅದು ಅಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಇಂಜಿನ್ನಿನ ಹಿಂದಿನ ಗೋಡೆಗೆ ಅಂಗೈ ಅಗಲದ, ಕೆಂಪುಗಪ್ಪು ಗಟ್ಟಿಯೊಂದು ಅಂಟಿತ್ತು. ಬ್ಯಾಡಗಿಯ ಆ ಮನೆಯವರು ಪ್ರತಿ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಎಣ್ಣೆ, ಕುಂಕುಮ ಬಳಿದು ಬಳಿದು ಬೆಳೆಸಿದ ಗಟ್ಟಿ ಅದು. ಹಿರಿಯರು ಕೂರಿಸಿದ ದೇವರೆಂದು ಅವರ ನಂಬಿಕೆ. ನಾವೂ ಮೊದಲ ದಿನವೇ ಅದಕ್ಕೆ ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿ ಕೈಮುಗಿದಿದ್ದೆವು. ಒಂದು ಬೆಳಿಗ್ಗೆ ಅತ್ತೆ ಕೋಲೂರಿಕೊಂಡು ಬಂದು ಅದನ್ನೇ ದಿಟ್ಟಿಸಿದಳು.

“ಇದು ಯಾವ ದೇವರೋ ತಮ್ಮಾ?”

“ಗೊತ್ತಿಲ್ಲಕ್ಕ. ಅವರ ಮನಿ ದೇವರಿರಬೇಕು.”

“ಮುಖಾ ಕಾಣದ ದೇವರಿಗೆ ಎಷ್ಟ ದಿನಾ ಕೈ ಮುಗಿತಿ?” ಎಂದವಳೇ ನನ್ನತ್ತ ತಿರುಗಿದಳು. “ಹುಣಸಿಹಣ್ಣ ತಗೊಂಡ ಬಾರವಾ.”

ಅಪ್ಪ ಅಂಜಿ ಬೇಡವೆಂದ. “ಜಗಲಿ ಮ್ಯಾಲಿನ ದೇವರನ್ನ ಹಬ್ಬಕ್ಕೊಮ್ಮೆ ತಿಕ್ಕಿ ತೊಳಿಯೂದಿಲ್ಲೇನು? ಸರಿ ಅತ್ತಾಗ!” ಎಂದು ಅತ್ತೆ ಉಜ್ಜತೊಡಗಿದಳು. ಪದರ ಪದರವಾಗಿ ಕುಂಕುಮ ಕರಗಿ ಅವಳ ಮೊಣಕೈವರೆಗೂ ಹರಿಯಿತು. ಒಳಗಿನಿಂದ ಹಿತ್ತಾಳೆ ಮಿನುಗಿತು, ಆಮೇಲೆ ಅಕ್ಷರಗಳು. ಆ ವರ್ಷವಷ್ಟೇ ಇಂಗ್ಲಿಷ್ ಕಲಿಯಲು ಶುರುಮಾಡಿದ್ದ ನಾನು ಒಂದೊಂದೇ ಅಕ್ಷರ ಕೂಗಿ ಹೇಳಿದೆ, ಅಪ್ಪ ಅಂಗೈ ಮೇಲೆ ಬರೆದುಕೊಂಡ. ದೇವರಲ್ಲ! ಕಂಪನಿಯ ಹೆಸರು, ಇಂಗ್ಲೆಂಡಿನ ಒಂದು ಊರು, ಕೆಳಗೆ ಇಸವಿ.

ಹೆಸರು ಸಿಕ್ಕಮೇಲೆ ದಾರಿಯೂ ಸಿಕ್ಕಿತು. ಅದೇ ಕಂಪನಿಯ ಇಂಜಿನ್ನೊಂದನ್ನು ಮೋಟೆಬೆನ್ನೂರಿನ ವಯಸ್ಸಾದ ರೈತರೊಬ್ಬರು ಬಾವಿಯ ನೀರೆತ್ತಲು ಬಳಸುತ್ತಿದ್ದರೆಂದು ಬ್ಯಾಡಗಿಯಲ್ಲಿ ಚೀಲ ಹೊರುವ ಹಮಾಲನೊಬ್ಬ ಹೇಳಿದ. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಕರೆಂಟಿನ ಪಂಪು ಬಂದ ಮೇಲೆ ಬೇವಿನ ಮರದಡಿ ಬಿದ್ದಿದ್ದ ಇಂಜಿನ್ನಿನ ಮೇಲೆ ಕೋಳಿಯೊಂದು ಕೂತಿತ್ತು. ಮುದುಕರು ಅಪ್ಪನ ಮಾತನ್ನೆಲ್ಲ ಕೇಳಿ, ಕೋಳಿ ಓಡಿಸಿ, ತಾವೇ ಮುಚ್ಚಳ ಬಿಚ್ಚಿ ಹೆಗಲ ಟವೆಲಿನಿಂದ ಒರೆಸಿ ಕೊಟ್ಟರು. ಅಪ್ಪ ಕಿಸೆಗೆ ಕೈಹಾಕಿದ್ದಕ್ಕೆ ಸಿಟ್ಟಾದರು.

“ಅಕ್ಕಗ ಹೊಳಿ ತೋರಸಾಕ ಅಂತೀರಿ, ಅದಕ್ಕ ರೊಕ್ಕಾ ತಗೊಳ್ಳೇನ್ರಿ? ಗಾಡಿ ಚಾಲೂ ಆದ ಮ್ಯಾಲ ಒಮ್ಮೆ ಇಲ್ಲಿ ತರ್ರಿ. ಈ ಇಂಜಿನ್ ನಮ್ಮ ಹೊಲಕ್ಕ ಭಾಳ ವರ್ಷ ನೀರ ಕುಡಿಸೇತಿ. ಅದರ ದನಿ ಕೇಳಬೇಕು.”

ಮುಚ್ಚಳ ಕೂತಿತು. ಐರಣಿಗೆ ಹೊರಟ ದಿನ ಅತ್ತೆ ಪಾವಟಿಗೆಯ ಮೇಲೊಂದು ಹೆಜ್ಜೆಯಿಟ್ಟು ನಿಂತಳು, ಇನ್ನೊಂದಿಟ್ಟು ಒಳಗೆ ಕೂತಳು, ಮೂರು ಸಲ ಸೀನಿದಳು. ಹೊಳೆದಂಡೆಯಲ್ಲಿ ಅವಳು ನೀರು ನೋಡುತ್ತಿದ್ದಾಗ, ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಎದ್ದು ಹತ್ತಿರ ಬಂದಳು. “ಅಯ್ಯ, ನೀಲವ್ವಾ! ನೀನೇನ?” ಮನೆಯಲ್ಲಿ ಅವಳು ಕೆಲವರಿಗೆ ಅಕ್ಕ, ಉಳಿದವರಿಗೆ ಅತ್ತೆ. ಅವಳಿಗೊಂದು ಹೆಸರಿದೆಯೆಂದು ನನಗೆ ಅಂದೇ ತಿಳಿದದ್ದು. ಆ ಕೂಗಿಗೆ ಅತ್ತೆ ನಗುತ್ತಲೇ ಅತ್ತಳು. ಮರುವಾರ ಮೋಟೆಬೆನ್ನೂರಿಗೂ ಹೋದೆವು. ಮುದುಕರು ಬಾನೆಟ್ಟಿನ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ ಇಂಜಿನ್ನಿನ ದನಿ ಕೇಳುತ್ತ ನಿಂತಿದ್ದರು.

ಅತ್ತೆ ಹೋದ ಮೇಲೆ ಅಪ್ಪ ಕಾರು ಬೇರೆಯವರಿಗೆ ಕೊಟ್ಟ. ಹಿತ್ತಾಳೆಯ ಫಲಕವನ್ನು ನೆನಪಿಗೆ ಬಿಚ್ಚಿಟ್ಟುಕೋ ಎಂದರೆ ಕೇಳಲಿಲ್ಲ. ಮುಂದಿನವರು ನಮ್ಮಂತೆ ಪರದಾಡಬಾರದೆಂದ. ಅಪ್ಪ, ಅತ್ತೆ, ಮೋಟೆಬೆನ್ನೂರಿನ ಆ ಮುದುಕರು, ಎಲ್ಲರ ಋಣ ನನ್ನ ಮೇಲಿದೆ, ತೀರಿಸಲು ಈಗ ಯಾರೂ ಇಲ್ಲ. ಖಂಡೇಪೂಜೆಯ ದಿನ ನನ್ನ ಹೊಲಿಗೆ ಯಂತ್ರ ಒರೆಸಿ ಕುಂಕುಮ ಇಡುವಾಗ ಅಂದು ಕಾರಿನ ಫಲಕಕ್ಕೆ ಕುಂಕುಮ ಹಚ್ಚಲು ಹೋದ ನನಗೆ ಅತ್ತೆ ಹೇಳಿದ ಮಾತು ನೆನಪಾಗುತ್ತದೆ: “ಹೆಸರಿನ ಮ್ಯಾಲೆ ಬ್ಯಾಡವಾ, ಬಾಜೂಕ ಹಚ್ಚು.” ಬದಿಗೇ ಹಚ್ಚುತ್ತೇನೆ. ಆಮೇಲೆ, ಹಿರಿಯರನ್ನು ಹಾಗೆ ಕರೆಯಬಾರದೆಂದು ಗೊತ್ತಿದ್ದರೂ, ಯಾರೂ ಇಲ್ಲದಾಗ ಒಮ್ಮೆ ಬಾಯಿಬಿಟ್ಟು ಕರೆಯುತ್ತೇನೆ: ನೀಲವ್ವಾ.