ನಾಲ್ಕನೇ ರೈಫಲ್ಲು ಸಿಂಚನಾಗೆ ಯಾಕೆ

ಹೂಂ, ಅದೇ ಜಹೀರ್ ಸಾರ್ ವಿಷ್ಯಾನೇ. ಮೊನ್ನೆ ಅರ್ಧಕ್ಕೇ ನಿಲ್ಸಿದ್ದು ಯಾಕಂದ್ರೆ ಸಿಂಚನಾ ಹೆಸ್ರು ಬಂದ ತಕ್ಷಣ ನಂಗೆ ಹೊಟ್ಟೆ ಉರ್ದೋಗುತ್ತೆ, ಆಮೇಲೆ ಹೇಳ್ಬೇಕಾಗಿರೋದು ಎಲ್ಲೋ ಹೋಗುತ್ತೆ. ಇವತ್ತು ಮೊದ್ಲಿಂದ ಹೇಳ್ತೀನಿ.

ಜಹೀರ್ ಅಹಮದ್ ಅಂತ ಪೂರ್ತಿ ಹೆಸ್ರು. ತುಮಕೂರು ಮರಳೂರಲ್ಲಿ ಮರದ ಕೆಲ್ಸದ ಅಂಗ್ಡಿ ಇಟ್ಟವ್ರೆ. ಬಾಗ್ಲು, ಕಿಟ್ಕಿ, ದಿವಾನ್ ಕಾಟು, ಇಂಥವು. ಆ ಅಂಗ್ಡಿ ಹಿಂದ್ಗಡೆ ಉದ್ದುಕ್ಕೆ ಒಂದು ಶೀಟಿನ ಶೆಡ್ಡು. ಅದ್ರೊಳಗೆ ಸರಿಯಾಗಿ ಹತ್ತು ಮೀಟ್ರು ಅಳ್ದು, ಈ ಕಡೆ ಕೆಂಪು ಪೇಂಟಲ್ಲಿ ಒಂದು ಗೆರೆ, ಆ ಕಡೆ ದಪ್ಪ ಹಲ್ಗೆ ಮುಂದೆ ಪೇಪರ್ ಟಾರ್ಗೆಟ್ಟು. ನಮ್ಗೆಲ್ಲ ಏರ್ ರೈಫಲ್ ಹೊಡಿಯೋದು ಹೇಳ್ಕೊಡೋದು ಅಲ್ಲೇ. ಮೈ ತುಂಬಾ ಮರದ ಪುಡಿ, ಕಿವಿ ಮೇಲೆ ಪೆನ್ಸಿಲ್ಲು. ಮೊದ್ಲ ಸಲ ನೋಡ್ದವ್ರು ಇವ್ರೇ ಕೋಚು ಅಂದ್ರೆ ನಂಬಲ್ಲ. ನಾನೂ ನಂಬಿರ್ಲಿಲ್ಲ.

ನಾನು ಗುಬ್ಬಿ ಹುಡ್ಗಿ, ಭೂಮಿಕಾ, ಹತ್ತನೇ ಕ್ಲಾಸು. ನಂಗೆ ಈ ಹುಚ್ಚು ಹತ್ತಿದ್ದು ಕಡಬದಲ್ಲಿ, ನಮ್ಮ ಕರಿಬಸವಯ್ಯ ತಾತನ ಮನೇಲಿ. ಕೆರೆ ಕಡೆಯಿಂದ ಬರೋ ಹಂದಿ ಓಡ್ಸೋಕೆ ಅಂತ ತಾತ ಲೈಸೆನ್ಸ್ ಕೋವಿ ಇಟ್ಕೊಂಡವ್ರೆ. ಎಲೆಕ್ಷನ್ ಬಂದ್ರೆ ಅದನ್ನ ಸ್ಟೇಷನ್‌ಗೆ ಕೊಟ್ಟು ಬರ್ಬೇಕಲ್ಲ, ಅದು ವಾಪಸ್ ಬರೋ ತನ್ಕ ತಾತ ಸರಿಯಾಗಿ ಊಟಾನೂ ಮಾಡಲ್ಲ. ನಂಗೆ ಆ ಕೋವಿ ಮುಟ್ಟೋಕೂ ಬಿಡಲ್ಲ. ಅದಕ್ಕೇ ಹಟ ಹಿಡ್ದು ಅಪ್ಪನ ಕರ್ಕೊಂಡು ಜಹೀರ್ ಸಾರ್ ಹತ್ರ ಹೋದೆ, ಫೆಬ್ರವರೀಲಿ.

ನಮ್ಮಪ್ಪ ಚನ್ನೇಶು ಕೊಬ್ಬರಿ ವ್ಯಾಪಾರ. ಏನ್ ತಗೊಂಡ್ರೂ ದೊಡ್ಡದೇ ತಗೋಬೇಕು ಅವ್ರಿಗೆ. ಆನ್‌ಲೈನಲ್ಲಿ ಒಂದು ಏರ್ ಗನ್ನು ತರ್ಸಿ, ಡಬ್ಬಾ ಸಮೇತ ಹೊತ್ಕೊಂಡು ಬಂದಿದ್ರು. ಉದ್ದ ಅಂದ್ರೆ ಉದ್ದ, ಮೇಲೊಂದು ದುರ್ಬೀನು ಬೇರೆ.

ಸಾರ್ ಅದ್ರಲ್ಲಿ ಪೆಲ್ಲೆಟ್ಟು, ಅಂದ್ರೆ ಸೀಸದ ಸಣ್ಣ ಗುಂಡು, ಇಲ್ಲ ಅನ್ನೋದು ಮೂರು ಸಲ ನೋಡಿ, ನನ್ ಕೈಗೆ ಕೊಟ್ಟು, "ಗೋಡೆ ಕಡೆ ಹಿಡ್ಕೋಮ್ಮಾ" ಅಂದ್ರು. ಹಿಡ್ಕೊಂಡೆ. ಹತ್ತು ಎಣ್ಸೋದ್ರೊಳಗೆ ಗನ್ನಿನ ಮೂತಿ ಕೆಳಗೆ ಬಂತು. ಸೊಂಟ ಹಿಂದಕ್ಕೆ ಬಾಗಿ ಬಿಂದಿಗೆ ಹೊತ್ತವ್ಳ ಥರ ನಿಂತಿದ್ದೆ.

"ಚನ್ನೇಶಣ್ಣ, ಇದು ಮಗೂಗೆ ತಂದಿದ್ದಲ್ಲ, ನಿಮ್ಗೆ ತಂದಿದ್ದು" ಅಂದ್ರು ಸಾರ್.

"ಚೆನ್ನಾಗಿರೋದೇ ಇರ್ಲಿ ಅಂತ ಸಾ..."

"ಶೂ ತಗೊಂಡ್ರೆ ಹತ್ತನೇ ನಂಬರ್ ತಗೋತೀರಾ, ಚೆನ್ನಾಗಿದೆ ಅಂತ?"

ಆಮೇಲೆ ಕೂರ್ಸಿ ಹೇಳಿದ್ರು. ಮಕ್ಕಳಿಗೆ ಮೊದ್ಲ ಗನ್ನು ಹಗುರ ಇರ್ಬೇಕು. ಒಂದೊಂದೇ ಪೆಲ್ಲೆಟ್ ಹಾಕೋದಿರ್ಬೇಕು. ಸದ್ದು, ಒದೆ ಎರಡೂ ಕಮ್ಮಿ ಇರ್ಬೇಕು, ಇಲ್ದಿದ್ರೆ ಟ್ರಿಗರ್ ಎಳೆಯೋಕ್ ಮುಂಚೇನೇ ಕಣ್ಣು ಮುಚ್ಕೋತವೆ, ಅದು ಒಂದ್ಸಲ ಅಭ್ಯಾಸ ಆದ್ರೆ ಬಿಡ್ಸೋಕೆ ವರ್ಷ ಬೇಕು. ದುರ್ಬೀನು ಬೇಡ್ವೇ ಬೇಡ, ಬರೀ ಕಣ್ಣಲ್ಲಿ ನೋಡೋದು ಕಲೀಲಿ. ಎಲ್ಲಕ್ಕಿಂತ ಮುಖ್ಯ, ಹಿಂದ್ಗಡೆ ಭುಜಕ್ಕೆ ಆನ್ಸೋ ಮರದ ಭಾಗ ಐತಲ್ಲ, ಬಟ್ಟು, ಅದು ಮಗು ಕೈ ಅಳತೆಗೆ ಇರ್ಬೇಕು. ಬಟ್ಟನ್ನ ಮೊಣಕೈ ಮಡಿಕೇಲಿ ಇಟ್ರೆ ಬೆರಳು ಟ್ರಿಗರ್‌ಗೆ ಆರಾಮಾಗಿ ಸಿಗ್ಬೇಕು. ಎಟುಕ್ಸಿ ಎಟುಕ್ಸಿ ಹಿಡಿಯೋ ಮಗು, ಗನ್ನಿನ ಮೂತಿ ಎಲ್ಲಿಗೆ ತಿರ್ಗಿದೆ ಅಂತ ನೋಡಲ್ಲ. "ತಾತನ ಕೋವಿ?" ಅಂತ ಕೇಳ್ದೆ. "ಅದು ತಾತಂದು" ಅಂದ್ರು, ಅಷ್ಟೇ.

ಅಪ್ಪನ ಗನ್ನು ಡಬ್ಬಕ್ಕೇ ವಾಪಸ್ ಹೋಯ್ತು. ನಂಗೆ ಸಿಕ್ಕಿದ್ದು ಎರಡು ತಿಂಗ್ಳು ಬರೀ ಮರದ ಗನ್ನು! ಸಾರೇ ಕೆತ್ತಿದ್ದು. ಅದನ್ನ ಹಿಡ್ಕೊಂಡು ನಿಲ್ಲೋದು, ಗೆರೆ ದಾಟದೇ ಇರೋದು, ಟ್ರಿಗರ್ ಹೊರ್ಗೆ ಬೆರಳು ಇಡೋದು. ಇನ್ನೊಂದು ರೂಲು, ಶೆಡ್ಡಲ್ಲಿ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ "ಸ್ಟಾಪ್" ಅನ್ಬೋದು. ಅಂದ್ರೆ ಎಲ್ರೂ ಗನ್ನು ಟೇಬಲ್ ಮೇಲಿಟ್ಟು ಹಿಂದಕ್ಕೆ ಬರ್ಬೇಕು. ಚಹಾ ತರೋ ಮುನವ್ವರಾ ಆಂಟಿ ಅಂದ್ರೂ ಸರಿ.

ಮುನವ್ವರಾ ಆಂಟಿ ಅಂದ್ರೆ ಸಾರ್ ಹೆಂಡ್ತಿ. ಸಾರ್ ಕತೆ ನಂಗೆ ಹೇಳಿದ್ದೂ ಅವ್ರೇ, ಸಾರ್ ತಮ್ಮ ಬಗ್ಗೆ ಒಂದ್ಮಾತೂ ಆಡಲ್ಲ. ಕಾಲೇಜಲ್ಲಿ ಇದ್ದಾಗ ಸಾರ್ ಎನ್‌ಸಿಸಿ. ಅವ್ರಪ್ಪ ಶಿರಾ ಗೇಟ್ ಹತ್ರ ಬಾಗ್ಲಿಗೆ ಪಾಲಿಶ್ ಹೊಡಿತಿದ್ರಂತೆ, ಇವ್ರೂ ಸಾಯಂಕಾಲ ಕಾಲೇಜ್ ಬಿಟ್ಮೇಲೆ ಅದೇ ಕೆಲ್ಸ. ಹೊಡಿಯೋದ್ರಲ್ಲಿ ಸಾರ್ ಎಲ್ರಿಗಿಂತ ಮುಂದೆ, ಆದ್ರೆ ಆಳು ಗಿಡ್ಡ. ರೈಫಲ್ಲು ಉದ್ದ. ದೊಡ್ಡ ಕ್ಯಾಂಪಿಗೆ ಸೆಲೆಕ್ಷನ್ನು ಬಂತು, ಎರಡು ದಿನ ಗುಂಡೆಲ್ಲ ಮೇಲಕ್ಕೇ ಹೋಯ್ತು. ಮೂರನೇ ದಿನ ಏನ್ ಮಾಡಿದ್ರು ಗೊತ್ತಾ? ಚೀಲದಲ್ಲಿ ಮನೆಯಿಂದ ಗರಗಸ ತಂದು, ರೈಫಲ್ ಬಟ್ಟನ್ನ ಒಂದಿಂಚು ಕುಯ್ದು, ಪಾಲಿಶ್ ಪೇಪರ್ ಹಾಕಿ ಉಜ್ಜಿ, ಬಣ್ಣಾನೂ ಹಚ್ಚಿ ಇಟ್ಬಿಟ್ರು! ಸರ್ಕಾರದ ರೈಫಲ್ಲು!

"ಅಷ್ಟು ನೈಸಾಗಿ ಮಾಡಿದ್ರಂತೆ, ಯಾರ್ಗೂ ಗೊತ್ತೇ ಆಗಿಲ್ಲ" ಅಂತ ಆಂಟಿ ನಗ್ತಾರೆ. "ಆವತ್ತು ಹೊಡ್ದಿದ್ದೆಲ್ಲ ನಡುಮಧ್ಯಕ್ಕೇ. ಮಾರ್ನೇ ದಿನ ಒಬ್ಬ ಆರಡಿ ಹುಡ್ಗ ಅದೇ ರೈಫಲ್ ಎತ್ಕೊಂಡು ಹೊಡ್ದ ನೋಡು, ಬಟ್ಟು ಗಿಡ್ಡ ಅಲ್ವಾ, ಅವ್ನ ಹೆಬ್ಬೆರಳೇ ಬಂದು ಮೂಗಿಗೆ ಗುದ್ತು. ಆಗ ಸಿಕ್ಕಾಕ್ಕೊಂಡ್ರು."

ಕ್ಯಾಂಪಿಂದ ಆಚೆ ಹಾಕಿದ್ರು. ಅಲ್ಲಿಗೆ ಮುಗೀತು. ಇಪ್ಪತ್ತೈದು ವರ್ಷ ಬಾಗ್ಲು ಮಾಡ್ಕೊಂಡಿದ್ದು, ಆಮೇಲೆ ಶೆಡ್ಡು ಕಟ್ಟಿದ್ರು. ಈ ಕತೆ ಕೇಳಿದ ದಿನ ನಾನು ಬಸ್ಸಲ್ಲಿ ಗುಬ್ಬಿ ತನ್ಕ ಒಬ್ಳೇ ನಗ್ತಾ ಹೋದೆ. ಇಂಥ ಸಾರ್ ಯಾರಿಗೂ ಇಲ್ಲ ಅನ್ನಿಸ್ತು. ಸಾರ್ ನಂಗೇ ಸೇರಿದ್ದು ಅನ್ನೋ ಥರ.

ಆಗಸ್ಟಲ್ಲಿ ಬಂದ್ಳು ಸಿಂಚನಾ.

ಕುಣಿಗಲ್ ಇಂದ. ಅವ್ಳಪ್ಪ ಉದಯಕುಮಾರ್ ಅಂಕಲ್ ಬೈಕಲ್ಲಿ ಬಿಟ್ಟು ಹೋಗೋರು. ಇಷ್ಟೇ ಇಷ್ಟು ಗಿಡ್ಡ ಹುಡ್ಗಿ, ಎರಡು ಜಡೆ, ಮಾತೇ ಇಲ್ಲ. ಬಂದ ಮೊದ್ಲ ದಿನಾನೇ ಸಾರ್ ಅವ್ಳನ್ನ "ಬೇಟಿ" ಅಂದ್ರು, ಮಗಳೇ ಅಂತ. ನಂಗೆ ಆರು ತಿಂಗ್ಳಾದ್ರೂ "ಭೂಮಿಕಾ". ಸರಿ ಬುಡು ಅಂದ್ಕೊಂಡೆ. ಆದ್ರೆ ಸೆಪ್ಟೆಂಬರಲ್ಲಿ ಸಾರ್ ಟೇಪ್ ತಗೊಂಡು ಅವ್ಳ ಕೈ ಅಳ್ದ್ರು. ಭುಜದಿಂದ ಮೊಣಕೈ, ಮೊಣಕೈಯಿಂದ ಬೆರಳು, ಕುತ್ತಿಗೆ ಎತ್ರ. ಕಿವಿ ಮೇಲಿನ ಪೆನ್ಸಿಲ್ ತೆಗ್ದು ಹಲಗೆ ಮೇಲೆ ಬರ್ಕೊಂಡ್ರು. ಇಪ್ಪತ್ತು ನಿಮ್ಷ! ನಾನು ಗಡಿಯಾರ ನೋಡ್ಕೊಂಡು ನಿಂತಿದ್ದೆ. ನನ್ ಕೈ ಯಾವತ್ತೂ ಅಳ್ದಿಲ್ಲ.

ಶೆಡ್ಡಲ್ಲಿ ಇದ್ದಿದ್ದು ಮೂರು ರೈಫಲ್ಲು. ಬಟ್ಟಿನ ಮೇಲೆ ಒಂದು, ಎರಡು, ಮೂರು ಅಂತ ಪೇಂಟು. ನಾನು ಹೊಡಿತಿದ್ದಿದ್ದು ಎರಡನೇದ್ರಲ್ಲಿ. ನಾಲ್ಕನೇದು ಹೊಸದು ಬಂದಿತ್ತು, ಅದಕ್ಕೆ ಸಾರೇ ಹಳೇ ಬಾಗ್ಲಿನ ಸಾಗುವಾನೀಲಿ ಹೊಸ ಮರ ಕೆತ್ತಿ ಕೂರ್ಸಿದ್ರು. ಹಿಂದೆ ತೆಳ್ಳಗಿನ ಪಟ್ಟಿಗಳು, ಮಗು ಬೆಳ್ದಂಗೆ ಒಂದೊಂದೇ ಸೇರ್ಸೋ ಥರ. ಜೇನಿನ ಬಣ್ಣ. ಡಿಸೆಂಬರಲ್ಲಿ ಬೆಂಗಳೂರಲ್ಲಿ ಜೂನಿಯರ್ ಮ್ಯಾಚಿತ್ತು. ನಾಲ್ಕನೇದು ಯಾರ ಕೈಗೆ ಬರುತ್ತೋ ಅವ್ರೇ ಹೋಗೋದು ಅಂತ ಹುಡುಗ್ರೆಲ್ಲ ಮಾತಾಡ್ತಿದ್ರು. ನಾನೇ ಅಂತ ನಂಗೆ ಗ್ಯಾರಂಟಿ. ನಾನ್ ತಾನೆ ಹಳಬ್ಳು?

"ಸಿಂಚನಾ, ಬಾ ಬೇಟಿ, ಇದು ನಿಂದು" ಅಂದ್ರು ಸಾರ್.

ನನ್ ಪಕ್ಕ ನಿಂತಿದ್ದ, ನಮ್ ಜೊತೆ ಕಲಿಯೋ ಅಕೀಬ್ ಮೆಲ್ಲಗೆ, "ಏನ್ ಭೂಮಿಕಾ, ಹೊಗೆ ಬರ್ತಾ ಐತೆ?" ಅಂದ. ಅವ್ನ ಕಾಲು ತುಳ್ದೆ.

ಆಯುಧ ಪೂಜೆ ಬಂತು. ಶೆಡ್ಡಲ್ಲಿ ಪೂಜೆ ಮಾಡೋದು ನಾವು ಹುಡುಗ್ರೇ. ಸಾರ್ ಬಾಗ್ಲಲ್ಲಿ ಕೈ ಕಟ್ಕೊಂಡು ನಿಂತು, "ಕುಂಕುಮ ಬಟ್ಟಿಗೆ ಮಾತ್ರ. ಬ್ಯಾರಲ್ ಹತ್ರ ಏನೂ ಬೇಡ" ಅಂತ ಹೇಳಿ, ಕಡ್ಲೆಪುರಿ ತರೋಕೆ ಹೋದ್ರು. ನಾನು ಎಲ್ರಿಗಿಂತ ಮುಂಚೆ ಹೋಗಿ ನಾಲ್ಕನೇದನ್ನೇ ಹಿಡ್ಕೊಂಡೆ. ಮೊದ್ಲು ಪೂಜೆ ಮಾಡಿದವ್ರದ್ದೇ ಅಂತ ಏನೋ ಒಂದು ತಲೇಲಿ. ಅರಿಶಿನ, ಕುಂಕುಮ, ವಿಭೂತಿ ಮೂರು ಗೆರೆ, ಎಲ್ಲ ಆಯ್ತು. ಬಸ್ಸಿಗೆ, ಟ್ರ್ಯಾಕ್ಟ್ರಿಗೆ ಎಲ್ಲಿ ತೂತು ಕಂಡ್ರೂ ಹೂವು ಸಿಗ್ಸ್ತೀವಲ್ಲ, ಹಂಗೇ ಒಂದು ಸೇವಂತಿಗೆ ತಗೊಂಡು ಕಾಂಡ ಸಮೇತ ಬ್ಯಾರಲ್ ಮೂತಿಗೆ ಸಿಗ್ಸ್ದೆ. ಸೆಲ್ಫಿ ತಗೊಂಡು ಸ್ಟೇಟಸ್‌ಗೆ ಹಾಕ್ದೆ, 'ನನ್ ಗನ್ನು' ಅಂತ.

ಸಾರ್ ಬರೋ ಸದ್ದಾಯ್ತು. ಸರಕ್ಕಂತ ಹೂವು ಎಳ್ದೆ. ಹೂವು ಕೈಗೆ ಬಂತು. ಕಾಂಡ ಒಳ್ಗೇ ಉಳೀತು.

ಹೇಳ್ಬೇಕಿತ್ತು. ಹೇಳ್ಲಿಲ್ಲ. ಕಡ್ಲೆಪುರಿ ತಿಂದ್ಕೊಂಡು ಮನೆಗೆ ಹೋದೆ. ನಿಜ ಹೇಳ್ಬೇಕಂದ್ರೆ ಬಸ್ಸಲ್ಲಿ ಒಂದು ಯೋಚ್ನೆನೂ ಬಂತು: ಇರ್ಲಿ, ಅವ್ಳದ್ದು ಗುರಿ ತಪ್ಲಿ, ಆಗ ಗೊತ್ತಾಗುತ್ತೆ ಸಾರ್‌ಗೆ.

ಮುಂದಿನ ಭಾನುವಾರ. ಪ್ರತಿ ಸಲ ಶುರು ಮಾಡೋಕ್ ಮುಂಚೆ ಸಾರ್ ಒಂದೊಂದು ಬ್ಯಾರಲ್ಲಿಗೂ ದಾರಕ್ಕೆ ಬಟ್ಟೆ ಕಟ್ಟಿ ಈ ಕಡೆಯಿಂದ ಆ ಕಡೆಗೆ ಎಳೀತಾರೆ, ಒಳ್ಗೆ ಏನೂ ಸಿಕ್ಕಾಕ್ಕೊಂಡಿಲ್ಲ ಅಂತ ನೋಡೋಕೆ. ಆವತ್ತು ಮೂರು ಎಳ್ದಿದ್ರು, ಅಷ್ಟ್ರಲ್ಲಿ ಅಂಗ್ಡಿ ಮುಂದೆ ಯಾರೋ ಬಾಗ್ಲು ತಗೊಂಡು ಹೋಗೋಕೆ ಟೆಂಪೋ ತಂದು ಕೂಗಿದ್ರು.

"ಭೂಮಿಕಾ, ನೀನ್ ಹಳಬ್ಳು. ನಾಲ್ಕನೇದು ನೋಡ್ಬಿಡು, ನಾನ್ ಬರೋ ತನ್ಕ ಯಾರೂ ಲೋಡ್ ಮಾಡ್ಬೇಡಿ" ಅಂತ ದಾರ ನನ್ ಕೈಗೆ ಕೊಟ್ರು. ಹಳಬ್ಳು ಅಂದ್ರು! ಅದಕ್ಕೆ ಎಷ್ಟು ದಿನ ಕಾದಿದ್ದೆ. ಆದ್ರೆ ದಾರ ಬಿಟ್ರೆ ಕಾಂಡ ಸಿಗುತ್ತೆ, ಎಲ್ರ ಮುಂದೆ ಮಾನ ಹೋಗುತ್ತೆ. ಕೈಯಲ್ಲೇ ಹಿಡ್ಕೊಂಡು ನಿಂತೆ.

ಸಾರ್ ವಾಪಸ್ ಬಂದು, "ನೋಡಿದ್ಯಾ?" ಅಂದ್ರು.

"ನೋಡ್ದೆ ಸಾರ್."

ಸಿಂಚನಾ ಗೆರೆ ಹತ್ರ ಹೋದ್ಳು. ಪೆಲ್ಲೆಟ್ ಹಾಕಿದ್ಳು. ಭುಜಕ್ಕಿಟ್ಟು, ಕೆನ್ನೆ ಮರಕ್ಕೆ ಒತ್ತಿ, ಉಸಿರು ಬಿಟ್ಳು. ಅವ್ಳ ಜಡೆ ಬ್ಯಾರಲ್ ಪಕ್ಕಾನೇ ಇತ್ತು. ಬೆರಳು ಟ್ರಿಗರ್ ಒಳ್ಗೆ ಹೋಗ್ತಾ ಇತ್ತು.

"ಸ್ಟಾಪ್! ಸ್ಟಾಪ್ ಸ್ಟಾಪ್ ಸ್ಟಾಪ್!"

ಶೀಟೆಲ್ಲ ಅದುರೋ ಹಂಗೆ ಕೂಗಿದ್ದೆ. ಸಿಂಚನಾ ಏನೂ ಕೇಳ್ದೆ ಬೆರಳು ಆಚೆ ತೆಗ್ದು, ಗನ್ನು ಟೇಬಲ್ ಮೇಲೆ ಮೂತಿ ಆ ಕಡೆ ಮಾಡಿ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದ್ಳು. ನಾನಾಗಿದ್ರೆ "ಯಾಕೆ?" ಅಂತ ತಿರ್ಗಿರ್ತಿದ್ದೆ, ಗನ್ ಸಮೇತ. ಇದು ಆಮೇಲೆ ಹೊಳೀತು.

ನಾನು ಬ್ಯಾರಲ್ ಕಡೆ ಕೈ ತೋರಿಸ್ದೆ. ಸಾರ್ ಪೆಲ್ಲೆಟ್ ತೆಗ್ದು, ಕಡ್ಡಿ ಹಾಕಿ ತಳ್ಳಿದ್ರು. ಬಾಡಿದ ಹಸಿರು ಕಾಂಡ, ನನ್ ಕಿರುಬೆರಳಷ್ಟುದ್ದ, ಟೇಬಲ್ ಮೇಲೆ ಬಿತ್ತು.

"ಪೆಲ್ಲೆಟ್ ಅಲ್ಲೇ ಸಿಕ್ಕಾಕ್ಕೊಳ್ಳೋದು," ಅಂದ್ರು ಮೆಲ್ಲಗೆ. "ಯಾಕೆ ಹೋಗ್ಲಿಲ್ಲ ಅಂತ ಮಗು ಮೂತಿ ತನ್ನ ಕಡೆ ತಿರ್ಗಿಸ್ಕೊಂಡು ಬಗ್ಗಿ ನೋಡುತ್ತೆ. ಎಲ್ಲ ಮಕ್ಕಳೂ ನೋಡ್ತವೆ." ಆಮೇಲೆ ನನ್ ಕಡೆ ತಿರ್ಗಿದ್ರು. "ಸ್ಟಾಪ್ ಅಂದಿದ್ದು ಯಾರು?"

"ನಾನು ಸಾರ್."

"ನೋಡ್ದೆ ಅಂದಿದ್ದು?"

"ನಾನೇ." ಅಳು ಬಂತು. ಹೂವು, ಸೆಲ್ಫಿ, ಸ್ಟೇಟಸ್ಸು ಎಲ್ಲ ಹೇಳ್ದೆ. ಬಸ್ಸಲ್ಲಿ ಬಂದ ಯೋಚ್ನೆನೂ ಹೇಳ್ದೆ, ಸಿಂಚನಾ ಮುಂದೇನೇ. ಅವ್ಳು ಬಯ್ಬೇಕಿತ್ತು, ಬಯ್ದಿದ್ರೆ ನಂಗೆ ಸಮಾಧಾನ ಆಗ್ತಿತ್ತು.

ಅಳ್ತಾ ಅಳ್ತಾನೇ ಕೇಳ್ಬಿಟ್ಟೆ, "ಅವ್ಳಿಗೆ ಯಾಕ್ ಸಾರ್ ಕೊಟ್ರಿ? ನಾನ್ ಮೊದ್ಲು ಬಂದವ್ಳಲ್ವಾ?"

ಸಾರ್ ಏನೂ ಅರ್ಥ ಆಗ್ದಿರೋರ ಥರ "ನಿಂಗ್ಯಾಕಮ್ಮ ಅದು?" ಅಂದ್ರು. ನಾಲ್ಕನೇದು ಖಾಲಿ ಮಾಡಿ, ಬಟ್ಟನ್ನ ನನ್ ಮೊಣಕೈ ಮಡಿಕೇಲಿ ಇಟ್ರು. ನನ್ ಬೆರಳು ಟ್ರಿಗರ್ ದಾಟಿ ನಾಲ್ಕು ಬೆರಳಗಲ ಮುಂದೆ ಹೋಯ್ತು. ಎರಡನೇದು ತಂದು ಇಟ್ರು. ಬೆರಳು ಸರಿಯಾಗಿ ಟ್ರಿಗರ್ ಮೇಲೆ.

"ನೀನು ಬಂದ ದಿನಾನೇ ನಿಂಗೆ ಎರಡನೇದು ಸರಿ ಅಂತ ಗೊತ್ತಿತ್ತು. ಅಂಗ್ಡೀಲಿ ಹೊಲಿದಿಟ್ಟಂಗೆ ಸರಿ. ನಿಂಗ್ಯಾಕೆ ಟೇಪು? ಅವ್ಳಿಗೆ ಮೂರರಲ್ಲೂ ಎಟುಕ್ತಿರ್ಲಿಲ್ಲ, ನನ್ ಥರ. ಬೆಂಗಳೂರಿಗೆ ಇಬ್ರ ಹೆಸ್ರೂ ಬರ್ದಿದ್ದೆ."

ಇಬ್ರ ಹೆಸ್ರೂ!

"ಸ್ಟಾಪ್ ಅಂದಿದ್ದಕ್ಕೆ ಶೆಡ್ಡಲ್ಲಿ ಇರು," ಅಂದ್ರು. "ನೋಡ್ದೆ ಅಂದಿದ್ದಕ್ಕೆ ಸಂಕ್ರಾಂತಿ ತನ್ಕ ಗನ್ ಮುಟ್ಬೇಡ."

ಸಂಕ್ರಾಂತಿ ಅಂದ್ರೆ ಮ್ಯಾಚ್ ಮುಗ್ದು ಹೋಗಿರುತ್ತೆ. ಅಪ್ಪ ಬಂದು ಮಾತಾಡಿದ್ರು, ಸಾರ್ ಚಹಾ ಕುಡ್ಸಿ ಕಳ್ಸಿದ್ರು, ಅಷ್ಟೇ. ಈಗ ಭಾನುವಾರ ಭಾನುವಾರ ನನ್ ಕೆಲ್ಸ ನಾಲ್ಕೂ ಬ್ಯಾರಲ್ಲಿಗೆ ದಾರ ಎಳ್ಯೋದು, ಎಲ್ಲ ಸರಿ ಇದ್ರೆ "ಲೋಡ್" ಅಂತ ಕೂಗೋದು. ನಾನ್ ಅನ್ನೋ ತನ್ಕ ಸಿಂಚನಾನೂ ಕಾಯ್ಬೇಕು. ಸಿಂಚನಾದು ಎರಡು ಸಲ ಎಳೀತೀನಿ.

ಹೋದ ವಾರ ಅವ್ಳು ಬೆಂಗಳೂರಿಗೆ ಹೋಗಿ ಬಂದ್ಳು. ಹನ್ನೊಂದನೇ ಪ್ಲೇಸು. ಸಾರ್ ಅವ್ಳ ಟಾರ್ಗೆಟ್ ಪೇಪರ್ ತಂದು ಶೆಡ್ಡಿನ ಗೋಡೆಗೆ ಅಂಟ್ಸವ್ರೆ, ನಾನು ದಾರ ಎಳ್ಯೋ ಟೇಬಲ್ಲಿನ ಎದುರ್ಗೇ. ನಂಗೆ ಹೊಟ್ಟೆಕಿಚ್ಚು ಹೋಯ್ತಾ ಅಂದ್ರೆ, ಇಲ್ಲ ಕಣ್ರೀ. ಅವ್ಳ ಹತ್ತಕ್ಕೆ ಹತ್ತು ನೋಡ್ದಾಗೆಲ್ಲ ಒಳ್ಗೆ ಚುರ್ ಅನ್ನುತ್ತೆ. ಆದ್ರೂ ಹೋಗ್ತೀನಿ.

ನಿಮ್ಮನೇಲಿ ಗನ್ನು ಗನ್ನು ಅಂತ ಹಟ ಮಾಡೋ ಮಕ್ಕಳಿದ್ರೆ ಆನ್‌ಲೈನಲ್ಲಿ ಏನೂ ತರ್ಸ್ಬೇಡಿ, ಮೊದ್ಲು ಸಾರ್ ಹತ್ರ ಕರ್ಕೊಂಡು ಹೋಗಿ. ಮರಳೂರಿಗೆ ಬಂದು ಬಾಗ್ಲು ಮಾಡೋ ಜಹೀರ್ ಸಾರ್ ಅಂದ್ರೆ ಯಾರ್ ಬೇಕಾದ್ರೂ ತೋರಿಸ್ತಾರೆ, ಗನ್ ಸಾರ್ ಅಂದ್ರೆ ಯಾರ್ಗೂ ಗೊತ್ತಾಗಲ್ಲ. ಭಾನುವಾರ ಒಂಬತ್ತು ಗಂಟೆ ಒಳಗೆ ಹೋಗಿ, ಆಂಟಿ ಚಹಾ ಕೊಡ್ತಾರೆ. ಸಾರ್ ಜೊತೆ ಒಂದು ಹತ್ತು ನಿಮ್ಷ ಕೂತು ಮಾತಾಡಿ ಬನ್ನಿ, ದಯವಿಟ್ಟು.